ಬ್ರೇಕಿಗೆ ಹಚ್ಚಿದ ಕುಸುಬೆ ಎಣ್ಣೆ

…ಅಥವಾ ಅದು ನೀಲಿ ಇರಲೇ ಇಲ್ಲ. ಮುಂದೆ ನಾನೇ ಬಳಿದ ನೀಲಿ ಬಣ್ಣ ನೆನಪಿನೊಳಗೆ ಹಿಂದಕ್ಕೆ ಸೋರಿ ಮೊದಲಿನ ತುಕ್ಕಿಗೂ ಹತ್ತಿರಬಹುದು. ಅಣ್ಣಿಗೇರಿಯ ಮುಚ್ಚಿದ ಅರಳೆ ಗಿರಣಿಯ ಹಿಂದೆ ಆ ಪಿಕಪ್ ಗಾಡಿಯನ್ನು ಮೊದಲು ಕಂಡಾಗ ಅದಕ್ಕೆ ಯಾವ ಬಣ್ಣವಿತ್ತು ಎಂದು ಯಾರಾದರೂ ಆಣೆ ಹಾಕಿ ಕೇಳಿದರೆ ನಾನು ಬಾಯಿ ಬಿಡಲಾರೆ. ಇಸವಿಯೂ ಹಾಗೆಯೇ. ಎಂಬತ್ತಮೂರೋ, ಎಂಬತ್ತನಾಲ್ಕೋ. ಎರಡು ವರ್ಷ ರಿಪೇರಿ ಮಾಡಿದೆ ಎಂದು ಹೇಳಿಕೊಂಡು ಬಂದಿದ್ದೇನೆ. ಒಂದೂವರೆ ಇದ್ದರೂ ಇದ್ದೀತು.

ಅನುಮಾನವಿಲ್ಲದ್ದು ಇಷ್ಟು: ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಅದನ್ನು ಮೊದಲ ಸಲ ಊರ ಹಾದಿಗೆ ಇಳಿಸಿದೆ, ಬ್ರೇಕು ಹಿಡಿಯಲಿಲ್ಲ, ಅಪ್ಪನ ಬಲಗಾಲು ಮುರಿಯಿತು. ಆ ಕಾಲು ಮುರಿದದ್ದು ಅಪ್ಪನ ತಪ್ಪಿನಿಂದಲೋ ನನ್ನ ತಪ್ಪಿನಿಂದಲೋ ಎಂಬುದೊಂದೇ ನನಗೆ ಬೇಕಾದದ್ದು. ಗಾಡಿ ಯಾವ ಬಣ್ಣದ್ದಾದರೂ ಇರಲಿ.

ನಮ್ಮ ಮನೆತನದವರಿಗೆ ಈ ಪ್ರಶ್ನೆಯೇ ಇಲ್ಲ. ಅವರು ಇದನ್ನು ನಗೆಯ ಕಥೆ ಮಾಡಿಟ್ಟುಕೊಂಡಿದ್ದಾರೆ. ಮದುವೆಯ ಪಂಕ್ತಿಯಲ್ಲಿ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ ಕಾಕಾನ ಮಗ ಶುರು ಮಾಡುತ್ತಾನೆ.

“ನಮ್ಮ ದೊಡ್ಡಪ್ಪ ಗಾಡಿ ಬ್ರೇಕಿಗೆ ಕುಸುಬಿ ಎಣ್ಣಿ ಹಚ್ಚಿದ್ದ, ಗೊತ್ತೈತೇನ್ರಿ ನಿಮಗ? ಕುಡಗೋಲಿಗೆ ಹಚ್ಚಿಧಂಗ!”

“ಬ್ರೇಕಿಗೆ?”

“ಹೌದ್ರಿ. ಆಮ್ಯಾಲೆ ಗಾಡಿ ಉಳ್ಳಿಕೋತ ಬಂದ್ರ, ಎತ್ತಿಗೆ ಅಂಧಂಗ ಹೋ ಹೋ ಅಂದಾನ. ಅದೇನ ಎತ್ತೇನ್ರಿ ನಿಲ್ಲಾಕ?”

ಬೀಗರು ನಗುತ್ತಾರೆ. ತುಪ್ಪ ಬಡಿಸುವವನೂ ಕೈ ತಡೆದು ನಗುತ್ತಾನೆ. ನಾನು ಒಮ್ಮೆ ಎಲೆ ಬಿಟ್ಟು ಎದ್ದು ಹೋದೆ. “ಮಾಸ್ತರ ಸಿಟ್ಟು ಇನ್ನೂ ಇಳದಿಲ್ಲ ನೋಡ್ರಿ” ಎಂದು ಅದಕ್ಕೂ ನಕ್ಕರು. ಅವರ ಕಥೆಯಲ್ಲಿ ಕಾಲು ಮುರಿಯುವುದಿಲ್ಲ. ನಗು ಎಲ್ಲಿ ಬರುತ್ತದೋ ಅಲ್ಲಿಗೆ ಕಥೆ ನಿಂತುಬಿಡುತ್ತದೆ.

ನಾನಾಗ ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹತ್ತಿರದ ನಮ್ಮ ಊರಿನಿಂದ ಸೈಕಲ್ಲಿನ ಮೇಲೆ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಅಪ್ಪ, ನಾನು, ನನ್ನ ಹೆಂಡತಿ. ಹೊಲವೆಲ್ಲ ಅಪ್ಪನ ಕೈಯಲ್ಲಿ. ಗಿರಣಿಯ ಹಿಂದಿನ ಆ ಗಾಡಿ ಒಂದು ಕಾಲಕ್ಕೆ ಅರಳೆ ಚೀಲ ಸಾಗಿಸಿದ್ದಂತೆ. ನಾನು ಕಂಡಾಗ ಅದರ ನಾಲ್ಕೂ ಗಾಲಿ ಎರೆಮಣ್ಣಿನಲ್ಲಿ ಅರ್ಧ ಹೂತಿದ್ದವು. ಇಂಜಿನ್ನಿನ ಸಂದಿಯಿಂದ ಒಂದು ಜಾಲಿ ಗಿಡ ಎದ್ದು ಬಾನೆಟ್ಟನ್ನು ಎತ್ತಿ ಹಿಡಿದಿತ್ತು. ಗುಜರಿಯ ಬೆಲೆಗೆ ಕೊಂಡೆ. ಕೊಂಡ ದಿನದಿಂದ ಒಂದೇ ಪ್ರಶ್ನೆ.

“ಬಾಡಿಗಿ ಹೊಡೀತೀರೇನ್ರಿ ಮಾಸ್ತರ?”

“ಇಲ್ಲ.”

“ಮತ್ತ, ಹೊಲದ ಮಾಲು ಹೇರಾಕೇನು?”

“ಇಲ್ಲರಿ. ಹಂಗ ಸುಮ್ನ. ರಿಪೇರಿ ಮಾಡಬೇಕಂತ.”

“ರಿಪೇರಿ ಮಾಡಿ?”

“ಮಾಡಿ ಏನಿಲ್ಲ.”

“ಏನಿಲ್ಲಂದ್ರ ಯಾಕ ಮಾಡ್ತೀರಿ?”

ಗಿಡದ ಕಟ್ಟೆಯ ಮೇಲೆ ದಿನವಿಡೀ ಇಸ್ಪೀಟು ಒಗೆಯುವವನನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಸತ್ತ ಇಂಜಿನ್ನು ಬಿಚ್ಚಿಕೊಂಡು ಕೂತವನು ಮಾತ್ರ ಊರಿಗೆಲ್ಲ ಜವಾಬು ಕೊಡಬೇಕು. ಒಂದು ಕೆಲಸವನ್ನು ಅದರ ಸಲುವಾಗಿಯೇ ಮಾಡುವುದು ನಮ್ಮ ಕಡೆ ಹುಚ್ಚಿನ ಲಕ್ಷಣ. ಆ ಹುಚ್ಚಿನಲ್ಲೇ ಎರಡು ವರ್ಷದ ಭಾನುವಾರಗಳನ್ನು ಕಳೆದೆ. ಹಲ್ಲು ಕಚ್ಚಿಕೊಂಡು ಕಳೆದೆ ಎಂದರೂ ಸರಿ.

ಯಾಕೆ ಎಂದು ಕೇಳದಿದ್ದವನು ಅಪ್ಪ ಒಬ್ಬನೇ. ಇದು ನನ್ನ ಸಿಟ್ಟಿಗೆ ಒಗ್ಗದ ಸಂಗತಿ, ಆದರೂ ಬಿಡುವಂತಿಲ್ಲ. ಗಾಡಿಯನ್ನು ಮನೆಗೆ ತರುವುದು ಹೇಗೆಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಅವನು ತನ್ನ ಜೋಡಿ ಎತ್ತಿನ ಜೊತೆ ಬಾಜೂ ಮನೆಯವರ ಜೋಡಿಯನ್ನೂ ಹೊಡೆದುಕೊಂಡು ಗಿರಣಿಯ ಹಿಂದೆ ಬಂದು ನಿಂತ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಜಾಲಿ ಗಿಡವನ್ನು ತಾನೇ ಕಡಿದು, ಹಗ್ಗ ಬಿಗಿದ.

“ನಿನ್ನ ಇಂಜಿನ್ನಿಗೆ ಎಚ್ಚರ ಆಗೂತನಾ ನಮ್ಮ ಎತ್ತ ಎಳೀತಾವು, ತಗೋ” ಅಂದ.

ಮಧ್ಯಾಹ್ನದ ಹೊತ್ತಿಗೆ ಊರು ಮುಟ್ಟಿದೆವು. ಗಾಡಿ ನಿಲ್ಲುವ ಜಾಗದಲ್ಲಿ ಎರೆ ಮತ್ತೆ ಗಾಲಿ ನುಂಗದಂತೆ ನಾಲ್ಕು ಚಪ್ಪಡಿ ಕಲ್ಲು ಹಾಸಿದ್ದೂ ಅವನೇ.

ನನಗೆ ಗುರು ಎಂದರೆ ಅಣ್ಣಿಗೇರಿಯಲ್ಲಿ ಗದಗ ರಸ್ತೆಯ ಮೇಲೆ ಗ್ಯಾರೇಜು ಇಟ್ಟಿದ್ದ ಒಬ್ಬ ಮಿಸ್ತ್ರಿ. ಅವನದೊಂದು ನಿಯಮವಿತ್ತು. “ಹೊಟ್ಟೀಪಾಡಿನ ಗಾಡಿಗೆ ನನ್ನ ಕೈ ಮಾಸ್ತರ. ಶೋಕಿ ಗಾಡಿಗೆ ನಿಮ್ಮ ಕೈ. ನಾ ಬಾಯಿಲೆ ಹೇಳಿಕೊಡ್ತೀನಿ.” ಹಾಗೇ ನಡೆಸಿದ. ಭಾನುವಾರ ಬಿಡುವಾದಾಗ ಊರಿಗೆ ಬಂದು, ಹಳೆಯ ಟಾಯರಿನ ಮೇಲೆ ಕೂತು, ಚಹಾ ಕುಡಿಯುತ್ತ ಬೈಯುತ್ತಿದ್ದ. ನಟ್ಟು ಬಿಗಿಯುವಾಗ ನಾನು ಜೋರು ಮಾಡಿದರೆ, “ಅದೇನ ಹುಡುಗರ ಕಿವೀ ಏನ್ರಿ, ಹಂಗ ಹಿಂಡ್ತೀರಿ?” ಎನ್ನುತ್ತಿದ್ದ. ಸೀಟಿನೊಳಗಿಂದ ಇಲಿಗೂಡು ಬಂತು. ಕಾಲಡಿಯ ತಗಡು ಕೈಯಿಟ್ಟರೆ ಪುಡಿಯಾಗುತ್ತಿತ್ತು. ಎಣ್ಣೆ ಡಬ್ಬಿ ಕತ್ತರಿಸಿ ತೇಪೆ ಹಾಕಿದೆ. ಕಾರ್ಬೊರೇಟರನ್ನು ಎಷ್ಟು ಸಲ ಬಿಚ್ಚಿ ತೊಳೆದೆನೋ. ಒಂದು ಬೇಸಗೆಯ ಮಧ್ಯಾಹ್ನ ಇಂಜಿನ್ನು ಎದ್ದಿತು, ಕರಿ ಹೊಗೆ ಉಗುಳಿತು. ಅಪ್ಪ ದನದ ಹಗ್ಗ ಕೈಯಲ್ಲಿ ಹಿಡಿದೇ ಓಡಿ ಬಂದ.

“ಕೆಮ್ಮಾಕತ್ತೈತಲ್ಲೋ ತಮ್ಮಾ ಇದು.”

“ಕೆಮ್ಮಲಿ ಬಿಡಪಾ. ಜೀವಂತ ಐತಿ.”

ಬ್ರೇಕಿನ ಕೆಲಸ ಕೊನೆಗೆ ಬಂತು. ಗಾಲಿಯ ಡ್ರಮ್ಮಿನೊಳಗೆ ಅರ್ಧಚಂದ್ರದಂಥ ಎರಡು ಕಬ್ಬಿಣದ ತುಂಡುಗಳಿರುತ್ತವೆ, ಬ್ರೇಕ್ ಶೂ ಅಂತ. ಅವುಗಳ ಬೆನ್ನಿಗೆ ಕಂದು ಬಣ್ಣದ ಲೈನರ್ ಪಟ್ಟಿ. ಪೆಡಲ್ ತುಳಿದಾಗ ಆ ಪಟ್ಟಿ ಡ್ರಮ್ಮಿಗೆ ಒತ್ತಿ, ತಿಕ್ಕಿ, ಗಾಲಿಯನ್ನು ಹಿಡಿಯುತ್ತದೆ. ನಾಲ್ಕು ಗಾಲಿಗೆ ಎಂಟು ಶೂ. ಎಂಟಕ್ಕೂ ಹೊಸ ಲೈನರ್ ಬಡಿಸಿಕೊಂಡು ಬಂದೆ. ಆ ಒಂದು ಕೆಲಸವನ್ನು ಮಾತ್ರ ಮಿಸ್ತ್ರಿ ತನ್ನ ಕೈಯಿಂದ ಮಾಡಿದ. ಕಾಗದದಲ್ಲಿ ಸುತ್ತಿ ಕೊಡುವಾಗ ಹೇಳಿದ: “ಇವಕ್ಕ ಬೆರಳಿನ ಜಿಡ್ಡೂ ತಾಗಬಾರದು ಮಾಸ್ತರ. ಎಣ್ಣಿ ಕುಡೀತಂದ್ರ ಮುಗೀತು, ಡ್ರಮ್ಮಿನ್ಯಾಗ ಜಾರಗುಂಡಿ ಆಡ್ತಾವ.”

ಮಿಸ್ತ್ರಿ ನನಗೆ ಹೇಳಿದ್ದ. ಇದರಲ್ಲಿ ಸಂಶಯವಿಲ್ಲ.

ಅಷ್ಟಮಿಯ ದಿನ. ಮಾರನೆಯ ದಿನ ನವಮಿ, ಖಂಡೇಪೂಜೆ. ಮನೆಯಲ್ಲಿರುವ ಕಬ್ಬಿಣವೆಲ್ಲ ಆ ಹೊತ್ತಿಗೆ ಪಡಸಾಲೆಗೆ ಬರಬೇಕು: ಕುಂಟೆಯ ಕುಡ, ಕೂರಿಗೆಯ ತಾಳು, ಕೊಡಲಿ, ಹಾರೆ, ಸಲಿಕೆ, ಕುಡುಗೋಲು, ಈಳಿಗೆ ಕೂಡ. ತಿಕ್ಕಿ ತೊಳೆದು, ತುಕ್ಕು ಕೆರೆದು, ಅರಿವೆಯಲ್ಲಿ ಕುಸುಬೆ ಎಣ್ಣೆ ಅದ್ದಿ ಒಂದೊಂದಕ್ಕೂ ಹಚ್ಚುವುದು ಮನೆಯ ಹಿರಿಯನ ಕೆಲಸ. ಬೇರೆಯವರು ಹಚ್ಚಿದರೆ ಅಪ್ಪನಿಗೆ ಸಮಾಧಾನವಿಲ್ಲ. ನನ್ನ ಎಂಟು ಶೂಗಳನ್ನೂ ಕಾಗದದಿಂದ ಬಿಚ್ಚಿ ಅದೇ ಪಡಸಾಲೆಯಲ್ಲಿ, ಒಂದು ಗೋಣಿಚೀಲದ ಮೇಲೆ ಇಟ್ಟಿದ್ದೆ. ಬ್ರೇಕ್ ಆಯಿಲ್ ಸಾಲದು ಅನಿಸಿ ನಾನು ಅಣ್ಣಿಗೇರಿಗೆ ಹೊರಟೆ. ಹೊರಡುವಾಗ ಅಪ್ಪನಿಗೆ ಹೇಳಿದೆ:

“ಅಪ್ಪಾ, ಈ ಚೀಲದ ಮ್ಯಾಲಿನ್ವು ಮುಟ್ಟಬ್ಯಾಡ. ಇವಕ್ಕ ಎಣ್ಣಿ ತಾಗಬಾರದು.”

ಸೈಕಲ್ಲಿನ ಪೆಡಲಿನ ಮೇಲೆ ಒಂದು ಕಾಲಿಟ್ಟು, ಹೊಸ್ತಿಲ ಕಡೆ ತಿರುಗಿ ಹೇಳಿದೆ. ಅಪ್ಪ ಕುಡುಗೋಲನ್ನು ಕಲ್ಲಿಗೆ ತಿಕ್ಕುತ್ತ ಹೂಂ ಅಂದ. ಈ ಚಿತ್ರ ನನಗೆ ಸ್ಪಷ್ಟವಾಗಿದೆ. ಎಷ್ಟು ಸ್ಪಷ್ಟವೆಂದರೆ ಅದರಲ್ಲಿ ನಾನೂ ಕಾಣುತ್ತೇನೆ: ಪೆಡಲಿನ ಮೇಲೆ ಕಾಲಿಟ್ಟು ನಿಂತ, ತೆಳ್ಳನೆಯ, ಅವಸರದ ಒಬ್ಬ ಮಾಸ್ತರ. ನನ್ನ ಕಣ್ಣಿನಿಂದಲೇ ನೋಡಿದ್ದಾದರೆ ನಾನು ನನಗೆ ಕಾಣುವುದು ಹೇಗೆ? ಕಂಡದ್ದಕ್ಕೂ ಕಟ್ಟಿಕೊಂಡದ್ದಕ್ಕೂ ಇರುವ ವ್ಯತ್ಯಾಸದ ಗುರುತು ಇದೇ ಆಗಿದ್ದರೆ, ಈ ಚಿತ್ರ ಯಾವ ಗುಂಪಿಗೆ ಸೇರಿದ್ದು?

ಮಧ್ಯಾಹ್ನ ತಿರುಗಿ ಬಂದೆ. ಮನೆಯೆಲ್ಲ ಕುಸುಬೆ ಎಣ್ಣೆಯ ವಾಸನೆ. ಪ್ರತಿ ವರ್ಷದ ವಾಸನೆ, ಹಾಗಾಗಿ ಅದು ಮೂಗಿಗೆ ಬಂದರೂ ತಲೆಗೆ ಏರಲಿಲ್ಲ. ಶೂಗಳು ಚೀಲದ ಮೇಲೆ ಇಟ್ಟಂತೆಯೇ ಇದ್ದವು. ಅಪ್ಪ ಎಣ್ಣೆ ಹಚ್ಚಿದ ಮೇಲೆ ಒಣ ಅರಿವೆಯಿಂದ ಒರೆಸುವವನು, ನೆಲಕ್ಕೆ ಹನಿ ಬೀಳಬಾರದೆಂದು. ಕಬ್ಬಿಣದ ಮೇಲಿನದು ಒರೆಸಿ ಹೋಗಿತ್ತು. ಲೈನರ್ ಕುಡಿದದ್ದು ಒಳಗೇ ಉಳಿದಿತ್ತು. ಕೈಗೆ ಜಿಡ್ಡು ಹತ್ತಿತೇ? ನನ್ನ ಕೈ ಆ ದಿನಗಳಲ್ಲಿ ಜಿಡ್ಡಿಲ್ಲದೆ ಎಂದು ಇತ್ತು? ಎಂಟನ್ನೂ ಕೂಡಿಸಿದೆ, ಡ್ರಮ್ಮು ಹಾಕಿದೆ, ಗಾಲಿ ಬಿಗಿದೆ. ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತು ನಾನು “ಒತ್ತು” ಅಂದಾಗ ಪೆಡಲ್ ಒತ್ತಿ, “ಬಿಡು” ಅಂದಾಗ ಬಿಟ್ಟಳು. ಪೆಡಲ್ ಗಟ್ಟಿಯಾಗಿ ನಿಂತಿತು. ಅಂಗಳದಲ್ಲಿ ನಾಲ್ಕು ಮಾರು ಓಡಿಸಿ ತುಳಿದೆ. ನಿಂತಿತು. ನಿಂತದ್ದು ಬ್ರೇಕಿನಿಂದಲೋ, ಗಾಲಿ ಹಿಡಿದ ಮೆತ್ತನೆಯ ಎರೆಮಣ್ಣಿನಿಂದಲೋ ನೋಡಲಿಲ್ಲ. ಎಂಟನೆಯ ತರಗತಿಗೆ ಘರ್ಷಣೆಯ ಪಾಠ ಮಾಡುವವನು ನಾನು. ಅದನ್ನು ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ನವಮಿಯ ದಿನ ಗಾಡಿಗೆ ಅಪ್ಪನೇ ವಿಭೂತಿ ಎಳೆದು ಚೆಂಡು ಹೂವಿನ ಮಾಲೆ ಹಾಕಿದ. ಗಾಲಿಗೆ ನಿಂಬೆಹಣ್ಣು ಇಟ್ಟ. ನಮ್ಮ ಮನೆಯಿಂದ ಅಗಸಿಯವರೆಗೆ, ಅಂದರೆ ಊರ ಬಾಗಿಲಿನವರೆಗೆ, ಹಾದಿ ಇಳಿಜಾರು. ಹೊಸ ಬಂಡಿ ಮೊದಲ ಸಲ ಅಗಸಿ ದಾಟುವಾಗ ಅಲ್ಲಿ ಕಾಯಿ ಒಡೆಯಬೇಕು. ಅಪ್ಪ ತೆಂಗಿನಕಾಯಿ ಹಿಡಿದು ಮುಂದೆ ಹೋಗಿ ಅಗಸಿಯ ಕೆಳಗೆ ನಿಂತ. ನಾನು ಗಾಡಿ ಬಿಟ್ಟೆ. ಅರ್ಧ ಹಾದಿಯಲ್ಲಿ ಪೆಡಲ್ ತುಳಿದೆ. ಪೆಡಲ್ ಕಲ್ಲಿನಂತೆ ಗಟ್ಟಿ, ಗಾಡಿ ಮಾತ್ರ ತನ್ನ ಪಾಡಿಗೆ ಹೊರಟಿತ್ತು. ಕೈಬ್ರೇಕು ಇನ್ನೂ ಕೂಡಿಸಿರಲಿಲ್ಲ. ಗೇರು ಇಳಿಸಬೇಕೆಂದು ಹೊಳೆಯುವಷ್ಟರಲ್ಲಿ ಅಗಸಿ ಬಂತು.

“ಬಾಜೂಕ ಸರಿಯಪಾ! ಸರಿ!”

ಅಪ್ಪ ಸರಿಯಲಿಲ್ಲ. ಕಾಯಿಯನ್ನು ಎಡಗೈಗೆ ಬದಲಿಸಿ, ಬಲಗೈ ಅಂಗೈ ಎತ್ತಿ, “ಹೋ… ಹೋ…” ಅಂದ. ಬೆದರಿದ ಎತ್ತಿನ ಮುಂದೆ ಅವನು ಹಾಗೆ ನಿಂತದ್ದನ್ನು ಎಷ್ಟೋ ಸಲ ಕಂಡಿದ್ದೆ, ಅವು ನಿಲ್ಲುತ್ತಿದ್ದವು. ನಾನು ಸ್ಟೇರಿಂಗನ್ನು ಗೋಡೆಯ ಕಡೆ ತಿರುಗಿಸಿದೆ. ಅದೇ ಹೊತ್ತಿಗೆ ಅವನೂ ಅದೇ ಕಡೆ ಒಂದು ಹೆಜ್ಜೆ ಇಟ್ಟ. ಮಡ್‌ಗಾರ್ಡಿಗೂ ಅಗಸಿಯ ಕಲ್ಲಿಗೂ ನಡುವೆ ಅವನ ಮೊಣಕಾಲ ಕೆಳಗಿನ ಭಾಗ ಸಿಕ್ಕಿತು.

ಯಾರದೋ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೊಟ್ಟು ಹಾಸಿ ಮಲಗಿಸಿ ಅಣ್ಣಿಗೇರಿಗೆ, ಅಲ್ಲಿಂದ ಹುಬ್ಬಳ್ಳಿಗೆ. ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಿದರು. ಮರುದಿನ ಸಂಜೆಗೆ ಮನೆಗೆ ಕರೆದುಕೊಂಡು ಬಂದೆವು, ಅಪ್ಪ ಹಟ ಹಿಡಿದದ್ದಕ್ಕೆ. ಅವತ್ತು ದಸರೆ, ಬನ್ನಿ ಕೊಡಲು ಮಂದಿ ಬರುತ್ತಾರೆ, ಹಿರಿಯ ಮನೆಯಲ್ಲಿ ಇಲ್ಲದಿದ್ದರೆ ಹೇಗೆ?

ಬಂದರು. ಪಡಸಾಲೆಯಲ್ಲಿ ಹೊರಸಿನ ಮೇಲೆ ಅಪ್ಪ, ದಿಂಬಿನ ಮೇಲೆ ಬಿಳಿ ಕಾಲು. “ಬನ್ನಿ ತಗೊಂಡು ಬಂಗಾರಧಂಗ ಇರೂಣ್ರಿ” ಎಂದು ಎಲೆ ಕೊಟ್ಟು, ಕಾಲು ಮುಟ್ಟಲು ಬಗ್ಗಿ, ಯಾವ ಕಾಲು ಎಂದು ತಡವರಿಸಿ, ಎಡಗಾಲು ಮುಟ್ಟಿ ಕೂರುತ್ತಿದ್ದರು. ಪಡಸಾಲೆ ತುಂಬಿತು. ಮಿಸ್ತ್ರಿಯೂ ಬನ್ನಿ ಹಿಡಿದು ಬಂದ. ಅಗಸಿಯ ಹತ್ತಿರ ನಿಂತ ಗಾಡಿಯನ್ನು ಕಂಡು, ಹಾದಿಯಲ್ಲೇ ಒಂದು ಗಾಲಿ ಬಿಚ್ಚಿಸಿ, ಶೂ ಒಂದನ್ನು ಕೈಯಲ್ಲಿ ಹಿಡಿದೇ ಒಳಗೆ ಬಂದಿದ್ದ. ಶೋಕಿ ಗಾಡಿಗೆ ಅವನು ಎರಡನೆಯ ಸಲ ಕೈ ಹಚ್ಚಿದ್ದು ಅದೇ. ಅದನ್ನು ಮೂಸಿ ನನ್ನ ಮುಂದೆ ಹಿಡಿದ.

“ಮಾಸ್ತರ, ಇದು ಕುಸುಬಿ ಎಣ್ಣಿ.”

ನಾನು ಬಾಯಿ ತೆರೆಯುವ ಮೊದಲು ಅಪ್ಪ ಅಂದ: “ಹೌದು. ನಾನ ಹಚ್ಚೀನಿ. ಕಬ್ಬಿಣ ಅಲ್ಲೇನದು? ಖಂಡೇಪೂಜಿಗೆ ಒಣಾ ಇಡ್ತಾರೇನು?”

ಆಮೇಲೆ ಮೂಲೆಯಿಂದ ಕಾಕಾನ ಮಗ: “ಒಂದಿಷ್ಟು ಸಾಸಿವಿ ಜೀರಗಿ ಒಗದಿದ್ರ ಒಗ್ಗರಣಿನೂ ಆಗ್ತಿತ್ತು, ದೊಡ್ಡಪ್ಪ!” ಪಡಸಾಲೆ ನಕ್ಕಿತು. ಅಪ್ಪನೂ ನಕ್ಕ. ನಕ್ಕದ್ದಕ್ಕೆ ಕಾಲು ನೊಂದು ಮುಖ ಹಿಂಡಿದ.

ನನಗೆ ಎಲ್ಲಿತ್ತೋ ಸಿಟ್ಟು. ಎರಡು ವರ್ಷ “ಯಾಕ ಮಾಡ್ತೀರಿ” ಎಂದು ಕೇಳಿದ ಮುಖಗಳೇ ಅಲ್ಲಿ ಸಾಲಾಗಿ ಕೂತು ನಗುತ್ತಿದ್ದವು. ಎದ್ದು ನಿಂತು ಕೂಗಿದೆ.

“ನಿನಗ ಹೇಳಿದ್ದಿಲ್ಲೇನ? ಎಣ್ಣಿ ಹಚ್ಚಬ್ಯಾಡ ಅಂತ ಹೇಳಿದ್ದಿಲ್ಲೇನ ನಾ? ಮಂದಿ ಮುಂದ ಹೇಳು. ಹೇಳಿದ್ನೋ ಇಲ್ಲೋ?”

ನಗು ನಿಂತಿತು. ಹಬ್ಬದ ದಿನ ಹೊರಸಿನ ಮೇಲಿರುವ ತಂದೆಗೆ ಮಗ ಹಾಗೆ ಕೂಗಿದ್ದನ್ನು ಆ ಪಡಸಾಲೆ ಕಂಡಿರಲಿಲ್ಲ. ಮಿಸ್ತ್ರಿ ಶೂವನ್ನು ಬೆನ್ನ ಹಿಂದೆ ಸರಿಸಿಕೊಂಡ. ಅಪ್ಪ ನನ್ನ ಮುಖ ನೋಡಿದ. ಒಳಬಾಗಿಲಲ್ಲಿ ನಿಂತ ನನ್ನ ಹೆಂಡತಿಯ ಕಡೆ ನೋಡಿದ. ಮತ್ತೆ ನನ್ನ ಕಡೆ ತಿರುಗಿದ.

“ಹೇಳಿದ್ದಿ ತಮ್ಮಾ. ಹೌದು, ಹೇಳಿದ್ದಿ. ನಾನ ಮರತೆ.”

ಗೆದ್ದಿದ್ದೆ. ಊರ ಮುಂದೆ ಗೆದ್ದಿದ್ದೆ. ಅಪ್ಪನ ಕೈಗೆ ಬನ್ನಿ ಕೊಡದೆ ಹೊರಗೆ ಹೋದೆ.

ಮೂರೋ ನಾಲ್ಕೋ ದಿನ ಕಳೆದಿರಬೇಕು. ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ತಿನ್ನುತ್ತ ಅದೇ ಮಾತು ಎತ್ತಿದೆ: ಹೇಳಿದ ಮೇಲೂ ಹಚ್ಚಿದನಲ್ಲ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

“ನೀವು ಹೇಳಿಲ್ಲರಿ.”

“ಏನ?”

“ಅವತ್ತ ಹೊರಡೂ ಮುಂದ ನೀವು ಹೇಳಿದ್ದು ಬ್ರೇಕ್ ಆಯಿಲ್ ಡಬ್ಬಿ ಸುದ್ದಿ. ಅದು ವಿಷ, ಯಾರೂ ಮುಟ್ಟಬ್ಯಾಡ್ರಿ ಅಂದ್ರಿ. ಚೀಲದ ಮ್ಯಾಲಿನ್ವು ಅಂತ ಏನೂ ಅನಲಿಲ್ಲ. ನಾ ಅಲ್ಲೇ ಕಸಾ ಹೊಡೀತಿದ್ನಿ.”

“ಮತ್ತ ಅಪ್ಪ ಹೌದಂದ್ನಲ್ಲ?”

“ಅಂದ್ರು.”

ಅಷ್ಟೇ ಹೇಳಿ ರೊಟ್ಟಿ ಹೆಂಚಿಗೆ ಹಾಕಿದಳು. ಅಂದಿನಿಂದ ಅವಳ ಮೇಲೂ ಸಿಟ್ಟು. ಪಡಸಾಲೆಯಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದು ಜಗಳ ತೆಗೆದೆ. “ಮಾವನವರು ಹೌದಂದಮ್ಯಾಲೆ ನಾ ಇಲ್ಲ ಅನ್ಲೇನು, ಅಷ್ಟ ಮಂದ್ಯಾಗ?” ಅಂದಳು. ಅವಳ ನೆನಪು ನನ್ನದಕ್ಕಿಂತ ಗಟ್ಟಿಯೇ? ಗೊತ್ತಿಲ್ಲ. ಕಸ ಹೊಡೆಯುತ್ತಿದ್ದೆ ಅಂದಳು. ನನ್ನ ಚಿತ್ರದಲ್ಲಿ ಅವಳು ಇಲ್ಲವೇ ಇಲ್ಲ. ಇರಬೇಕಾದವಳನ್ನು ಬಿಟ್ಟು, ಕಾಣಬಾರದ ನನ್ನನ್ನು ನಾನು ಕಂಡಿದ್ದೇನೆ.

ಆ ವರ್ಷದ ಹಿಂಗಾರಿ ಬಿತ್ತನೆ ಅಪ್ಪ ಇಲ್ಲದೆ ಆಯಿತು. ಜೋಳ, ಕಡಲೆ ಬಿತ್ತುವ ಹದ ದಸರೆಯ ಬೆನ್ನಿಗೇ ಬರುತ್ತದೆ. ಕೂರಿಗೆ ಹಿಡಿಯಲು ಕಾಕಾನ ಮಗ ಬಂದ, ಅದೇ ಒಗ್ಗರಣೆಯವನು. ಹದಿನೈದು ದಿನ ತನ್ನ ಹೊಲ ಬಿಟ್ಟು ನಮ್ಮದನ್ನು ಬಿತ್ತಿದ. ಅದಕ್ಕಾಗಿ ಅವನ ಕಥೆಯನ್ನು ಕ್ಷಮಿಸಬೇಕು. ಆಗುತ್ತಿಲ್ಲ. ಅಪ್ಪನ ಕಾಲು ಕೂಡಿತು, ಸ್ವಲ್ಪ ಸೊಟ್ಟ ಕೂಡಿತು. ಕೂರಿಗೆಯ ಹಿಂದೆ ಆಮೇಲೆ ಅವನು ನಡೆಯಲಿಲ್ಲ. ಬದುವಿನ ಮೇಲೆ ಕೂತು ಬೈಯುತ್ತಿದ್ದ.

ನಾನು ಗಾಡಿಯನ್ನು ಬಿಡಲಿಲ್ಲ. ಹಟಕ್ಕೆ ಬಿದ್ದು ಮುಗಿಸಿದೆ. ಹೊಸ ಲೈನರ್, ಕೈಬ್ರೇಕು, ಬಣ್ಣ. ಕಥೆಯಲ್ಲಾದರೆ ಅಪ್ಪ ಅದನ್ನು ಎಂದೂ ಹತ್ತಬಾರದಿತ್ತು. ಹತ್ತಿದ. ಮರು ಬೇಸಗೆಯಲ್ಲೇ ಕೋಲು ಊರಿಕೊಂಡು ಬಂದು, ಮುಂದಿನ ಸೀಟಿನಲ್ಲಿ ಕೂತು, “ನಡಿ, ಸಂತಿಗೆ ಹೋಗೂಣು” ಅಂದ. ಸೀಟು ಗಟ್ಟಿ ಎಂದು ಗೊಣಗಿದ. ಹಾದಿಯಲ್ಲಿ ಗುರುತಿನವರು ಸಿಕ್ಕರೆ ಕೈಯೆತ್ತಿ ಗಾಡಿ ನಿಲ್ಲಿಸಲು ಹೇಳಿ, ಹಿಂದೆ ಹತ್ತಿಸಿಕೊಳ್ಳುತ್ತಿದ್ದ. ಅವನು ಸಂತೋಷವಾಗಿಯೇ ಇದ್ದ. ಅದು ನನ್ನನ್ನು ಇನ್ನಷ್ಟು ಸುಟ್ಟಿತು. ಒಂದು ಸಲ ಬೈದಿದ್ದರೆ, ನೀನು ಹೇಳಲಿಲ್ಲ ಅಂದಿದ್ದರೆ, ನಾನು ಜಗಳವಾಡಬಹುದಿತ್ತು, ಸೋಲಬಹುದಿತ್ತು, ತಪ್ಪಾಯಿತು ಅನ್ನಬಹುದಿತ್ತು. ಪಡಸಾಲೆಯಲ್ಲಿ ಅವನು ಸುಳ್ಳು ಹೇಳಿ ನನ್ನನ್ನು ಉಳಿಸಿದ್ದೇ ನಿಜವಾದರೆ, ಆ ಅವಕಾಶವನ್ನು ಅವನು ಕಿತ್ತುಕೊಂಡ. ಸಿಟ್ಟು ಅದಕ್ಕೂ ಇದೆ. ನಿಜವಾಗಿಯೇ ಮರೆತಿದ್ದರೆ ಈ ಸಿಟ್ಟೆಲ್ಲ ಸುಳ್ಳಿನ ಮೇಲೆ ಕಟ್ಟಿದ್ದು.

ಅಪ್ಪ ಅದಾದ ಮೇಲೂ ಬಹಳ ವರ್ಷ ಬದುಕಿದ. ಆ ಸೀಟಿನಲ್ಲಿ ನಾವಿಬ್ಬರೇ ಕೂತು ಎಷ್ಟೋ ಹರದಾರಿ ಹೋಗಿದ್ದೇವೆ. ಕೇಳಬಹುದಿತ್ತು. ಕೇಳಲಿಲ್ಲ. ಅಷ್ಟಮಿಯ ಬೆಳಿಗ್ಗೆ ನಾನು ಅವನಿಗೆ ಹೇಳಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿರದಿದ್ದರೆ, ಅವನು ಯಾಕೆ ಹೌದು ಅಂದ ಎಂಬುದೂ ಗೊತ್ತಿಲ್ಲ.